ನಂದಿ ಹಾಲ್ಟ್‌ನಲ್ಲಿ ಇಳಿದು ನೋಡಿ

ಭಾನುವಾರ ಬೆಳಕು ಹರಿಯುವ ಮೊದಲೇ ಇಂದಿರಾನಗರದ ನೂರಡಿ ರಸ್ತೆಯಿಂದ ಕಾರು, ಬೈಕುಗಳು ನಂದಿಬೆಟ್ಟಕ್ಕೆ ಹೊರಡುತ್ತವೆ. ಸೂರ್ಯೋದಯ ನೋಡಿ, ತಿಂಡಿ ಮುಗಿಸಿ ವಾಪಸಾಗುವವರಲ್ಲಿ ಎಷ್ಟೋ ಜನಕ್ಕೆ ಬೆಟ್ಟದ ಕೆಳಗೊಂದು ರೈಲು ನಿಲ್ದಾಣವಿರುವುದೇ ಗೊತ್ತಿಲ್ಲ. ಅದು ನಂದಿ ಹಾಲ್ಟ್.

ನಮ್ಮ ಬೆಂಗಳೂರು ದಂಡು ನಿಲ್ದಾಣಕ್ಕೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ನಂದಿಯ ಸುತ್ತಲಿನ ಊರುಗಳು ಇನ್ನೂ ಐವತ್ತು ವರ್ಷ ಕಾದವು. 1915ರ ಹೊತ್ತಿಗೆ ಯಲಹಂಕ, ದೇವನಹಳ್ಳಿ ಹಾದು ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಂತು. ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ, ಬಂಗಾರಪೇಟೆಯವರೆಗೂ ಅದೇ ಗೇಜು. ದಾರಿಯುದ್ದಕ್ಕೂ ದೊಡ್ಡಜಾಲ, ಆವತಿಹಳ್ಳಿಯಂಥ ಹೆಂಚಿನ ಮಾಡಿನ ನಿಲ್ದಾಣಗಳು.

ಆಗಿನ ಒಂಟಿ ಹಳಿಯ ಕಾಲವನ್ನು ನೆನೆಯಿರಿ. ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿಯಿದೆ ಎನ್ನುವುದಕ್ಕೆ ಸಾಕ್ಷಿ ಒಂದು ಟೋಕನ್. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು ಸ್ಟೇಷನ್ ಮಾಸ್ತರರ ಕಡೆಯವರು ಎತ್ತಿ ಹಿಡಿಯಬೇಕು, ಡ್ರೈವರ್ ಕೈಚಾಚಿ ತೋಳಿಗೆ ಏರಿಸಿಕೊಳ್ಳಬೇಕು. ಟೋಕನ್ ಇಲ್ಲದೆ ಗಾಡಿ ಕದಲುವಂತಿಲ್ಲ. ವಿದ್ಯುತ್ ಸಿಗ್ನಲ್ ಬಂದ ಮೇಲೆ ಆ ಕೈ ಬೇಡವಾಯಿತು. ಬಸ್ಸುಗಳು ಹೆಚ್ಚಿ ಪ್ರಯಾಣಿಕರು ಕರಗಿದರು. ಹಳಿ ಬ್ರಾಡ್‌ಗೇಜ್ ಆಯಿತು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಆ ಕೆಲಸ ಮುಗಿದದ್ದು 2013ರಲ್ಲಿ. ಅಷ್ಟರಲ್ಲಿ ಎಷ್ಟೋ ಕಟ್ಟಡಗಳಿಗೆ ಬೀಗ ಬಿದ್ದಿತ್ತು.

ಪರಂಪರೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಈ ನಿಲ್ದಾಣಗಳ ಬೆನ್ನಿಗೆ ನಿಂತದ್ದು ನಮ್ಮ ಪುಣ್ಯ. ಆದರೆ ದುರಸ್ತಿಯೊಂದೇ ಸಾಲದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜನ ಓಡಾಡದ ಕಟ್ಟಡಕ್ಕೆ ಎಷ್ಟು ಸಲ ಸುಣ್ಣ ಬಳಿದರೂ ಗೆದ್ದಲು ಬಿಡುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಅರಸಾಳು ನೋಡಿ: ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಹಳೆಯ ನಿಲ್ದಾಣ ಇವತ್ತು ಮ್ಯೂಸಿಯಂ, ಮಕ್ಕಳನ್ನು ಕರೆದುಕೊಂಡು ಜನ ಹೋಗುತ್ತಾರೆ.

ಅದೃಷ್ಟಕ್ಕೆ ನಂದಿ ಹಾಲ್ಟ್‌ಗೆ ರೈಲು ಇನ್ನೂ ಇದೆ. ಮುಂದಿನ ಸಲ ಬೆಟ್ಟಕ್ಕೆ ಹೊರಟಾಗ ಕಾರು ಮನೆಯಲ್ಲೇ ಇರಲಿ. ವೇಳಾಪಟ್ಟಿ ನೋಡಿಕೊಂಡು ಚಿಕ್ಕಬಳ್ಳಾಪುರದ ಮೆಮು ರೈಲು ಹತ್ತಿ. ಹಳಿ ಮೇಲೆ ನಡೆಯಬೇಡಿ, ಅದು ಅಪಾಯವೂ ಹೌದು, ಅಪರಾಧವೂ ಹೌದು. ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಟಿಕೆಟನ್ನು ಮಾತ್ರ ತಪ್ಪದೆ ಕೊಳ್ಳಿ; ಆ ನಿಲ್ದಾಣಕ್ಕೆ ಜನ ಬರುತ್ತಾರೆ ಎನ್ನುವುದಕ್ಕೆ ರೈಲ್ವೆಯ ಲೆಕ್ಕದಲ್ಲಿ ಉಳಿಯುವುದು ಅದೊಂದೇ.