ಒಂದು ರಾತ್ರಿಯ ಪದಕ, ಒಂದು ಜೀವಮಾನದ ಸೇವೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಬೇಕು ಎಂದು ಗುರುಗಳು ಹೇಳಿದಾಗ, ಇವನು ಸಾಫ್ಟ್‌ವೇರ್ ಇಂಜಿನಿಯರ್, ಕಂಪ್ಯೂಟರ್ ಬಗ್ಗೆಯೇ ಹೇಳುತ್ತಾನೆ ಎಂದು ನೀವು ಎಣಿಸಿರಬಹುದು. ಅದನ್ನು ಹೇಳುವವರು ಈಗ ಬಹಳ ಜನ ಇದ್ದಾರೆ. ನಾನು ಇಂದು ನೌಕಾಪಡೆಯ ಒಬ್ಬ ಹಿರಿಯರನ್ನು ನೆನೆಯುತ್ತೇನೆ. ಅವರ ನೆಪದಲ್ಲಿ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಸೈನಿಕರ ಮನೆಗಳ ಬಗ್ಗೆ ನಾಲ್ಕು ಮಾತು ಹೇಳಿ, ಕೊನೆಗೆ ಶಾಲೆಗೆ ಒಂದು ವಿನಂತಿ ಮಾಡಿಕೊಳ್ಳುತ್ತೇನೆ.

ಆ ಹಿರಿಯರು ಕಮೊಡೋರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ್ ರಾವ್. ಹೆಸರಿನ ಮೊದಲಿಗೇ ಗಡಿನಾಡು ಕಾಸರಗೋಡು ಇದೆ. ಪಟ್ಟಣಶೆಟ್ಟಿ ಎಂಬ ಅಡ್ಡಹೆಸರೂ ನಮ್ಮ ಕಡೆ ಹೊಸದಲ್ಲ. ಅವರು ಹುಟ್ಟಿದ್ದು 1926ರ ನವೆಂಬರ್ 13ರಂದು ಮಧುರೈನಲ್ಲಿ. 1950ರಲ್ಲಿ ಅಧಿಕಾರಿಯಾಗಿ ನೇಮಕಗೊಂಡರು. ಸ್ವತಂತ್ರ ಭಾರತದ ನೌಕಾಪಡೆ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಯುದ್ಧ ಶುರುವಾಯಿತು. ಮರುದಿನವೇ ನಮ್ಮ ನೌಕಾಪಡೆಯ ಒಂದು ಚಿಕ್ಕ ತಂಡ ಕರಾಚಿಯತ್ತ ಹೊರಟಿತ್ತು. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಅವುಗಳ ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ಎರಡು ಹಡಗುಗಳು. ಕ್ಷಿಪಣಿ ದೋಣಿಗಳ ದಳಕ್ಕೆ ಕಮಾಂಡರ್ ಬಬ್ರು ಭಾನ್ ಯಾದವ್ ಮುಖ್ಯಸ್ಥರು. ಕಿಲ್ತಾನ್ ಹಡಗಿನಲ್ಲಿದ್ದು ಇಡೀ ತಂಡವನ್ನು ಮುನ್ನಡೆಸಿದವರು ಕಮಾಂಡರ್ ಗೋಪಾಲ್ ರಾವ್.

ಮಕ್ಕಳೇ, ಈ ತಂಡದ ಕಷ್ಟ ಏನಿತ್ತು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಿ. ಕ್ಷಿಪಣಿ ದೋಣಿ ಬಹಳ ವೇಗದ್ದು, ಆದರೆ ಚಿಕ್ಕದು. ಇಂಧನ ಹೆಚ್ಚು ಹಿಡಿಯುವುದಿಲ್ಲ. ಸೋವಿಯತ್ ಒಕ್ಕೂಟ ಅದನ್ನು ತನ್ನ ದಂಡೆ ಕಾಯುವುದಕ್ಕೆಂದು ಮಾಡಿತ್ತು. ಅದನ್ನು ತೆಗೆದುಕೊಂಡು ಶತ್ರುವಿನ ಬಾಗಿಲಿಗೇ ಹೋಗುವುದು ನಮ್ಮವರ ಯೋಜನೆ. ಕಿಲ್ತಾನ್, ಕಚ್ಚಾಲ್ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವ ಹಡಗುಗಳು. ನೀರಿನ ಅಡಿಯಿಂದ ಬರುವ ಅಪಾಯ ಕಾಯುವುದು, ದೂರದ ಹಡಗುಗಳ ಸುಳಿವು ಹಿಡಿಯುವುದು ಅವುಗಳ ಕೆಲಸ. ಹಗಲೆಲ್ಲ ಈ ತಂಡ ಕರಾಚಿಯಿಂದ ಸುಮಾರು 460 ಕಿ.ಮೀ. ದೂರದಲ್ಲಿ, ವೈರಿ ವಿಮಾನಗಳ ಕಣ್ಣಿಗೆ ಬೀಳದಂತೆ ಕಾದಿತ್ತು. ಕತ್ತಲಾದ ಮೇಲೆ ಮುಂದೆ ನುಗ್ಗಿತು. ಬೆಳಗಾಗುವುದರೊಳಗೆ ಹೊಡೆದು ಹಿಂದಿರುಗಬೇಕು. ತಡವಾದರೆ ತಲೆಯ ಮೇಲೆ ವಿಮಾನ, ಕೆಳಗೆ ಜಲಾಂತರ್ಗಾಮಿ.

ರಾತ್ರಿ ಹತ್ತೂ ಮುಕ್ಕಾಲರ ಹೊತ್ತಿಗೆ ಮೊದಲ ಕ್ಷಿಪಣಿ ಹಾರಿತು. ಖೈಬರ್ ಎಂಬ ದೊಡ್ಡ ಯುದ್ಧನೌಕೆ, ಮುಹಾಫಿಜ್ ಎಂಬ ಇನ್ನೊಂದು ನೌಕೆ ಮುಳುಗಿದವು. ಕರಾಚಿಯ ಕೇಮಾರಿಯಲ್ಲಿದ್ದ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆ ಒಬ್ಬರೂ ಸಾಯಲಿಲ್ಲ. ಐದೂ ನೌಕೆಗಳು ಹಿಂದಿರುಗಿದವು. ಇದೇ ಆಪರೇಷನ್ ಟ್ರೈಡೆಂಟ್. ಡಿಸೆಂಬರ್ 4ನ್ನು ನಾವು ನೌಕಾಪಡೆ ದಿನವೆಂದು ಆಚರಿಸುವುದು ಇದರ ನೆನಪಿಗೆ. ಗೋಪಾಲ್ ರಾವ್ ಅವರಿಗೆ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಅದು ಪರಮವೀರ ಚಕ್ರದ ನಂತರದ್ದು.

ನನ್ನ ಕೆಲಸದಲ್ಲಿ ಒಂದು ಸಾಲು ತಪ್ಪಾಗಿ ಬರೆದರೆ ಅಳಿಸಿ ತಿದ್ದಬಹುದು. ಹಾರಿಸಿದ ಕ್ಷಿಪಣಿಯನ್ನು ವಾಪಸು ಕರೆಯಲಾಗುವುದಿಲ್ಲ. ಮುಳುಗಿದ ಆ ಹಡಗುಗಳಲ್ಲಿ ಇದ್ದವರಿಗೂ ತಾಯಿ, ಹೆಂಡತಿ, ಮಕ್ಕಳಿದ್ದರು. ಯುದ್ಧದ ಗೆಲುವನ್ನು ಹೇಳುವಾಗ ಇದನ್ನು ಮರೆಯಬಾರದು. ಐದೇ ದಿನದಲ್ಲಿ ನಮಗೂ ಅದರ ಬೆಲೆ ಗೊತ್ತಾಯಿತು. ಡಿಸೆಂಬರ್ 9ರಂದು ದಿಯು ಬಳಿಯ ಸಮುದ್ರದಲ್ಲಿ ನಮ್ಮ ಖುಕ್ರಿ ಹಡಗನ್ನು ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜನ ಹೋದರು. 194 ಮನೆಗಳಿಗೆ ತಂತಿ ಹೋಗುವುದೆಂದರೆ ಏನು, ನೀವೇ ಯೋಚಿಸಿ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಕರಾಚಿ ದಾಳಿಯ ರಾತ್ರಿ ಗೋಪಾಲ್ ರಾವ್ ಅವರಿಗೆ 45 ತುಂಬಿ ಮೂರು ವಾರವಾಗಿತ್ತು. ನಮ್ಮಲ್ಲಿ ಮನೆಯ ಹಿರಿಯ ಎನಿಸಿಕೊಳ್ಳುವ ವಯಸ್ಸು ಅದು. ಅವರು ತೀರಿಕೊಂಡದ್ದು 2021ರ ಆಗಸ್ಟ್ 9ರಂದು ಚೆನ್ನೈನಲ್ಲಿ, 94ನೆಯ ವಯಸ್ಸಿನಲ್ಲಿ. ಆ ದಾಳಿಗೆ 50 ವರ್ಷ ತುಂಬಲು ನಾಲ್ಕು ತಿಂಗಳೂ ಉಳಿದಿರಲಿಲ್ಲ. ಪದಕದ ಕಾಗದದಲ್ಲಿ ಇರುವುದು ಒಂದು ರಾತ್ರಿ. ಬದುಕಿದ್ದು 94 ವರ್ಷ. ಆ ಒಂದು ರಾತ್ರಿಗೆ ಅವರನ್ನು ಸಿದ್ಧ ಮಾಡಿದ್ದು ಅದರ ಹಿಂದಿನ 21 ವರ್ಷಗಳ ಸೇವೆ. ಯಾವ ಪತ್ರಿಕೆಯೂ ಬರೆಯದ, ಯಾರೂ ಚಪ್ಪಾಳೆ ತಟ್ಟದ ದಿನಗಳು ಅವು.

ಪದಕದ ಕಾಗದದಲ್ಲಿ ಮನೆಯವರಿಗೆ ಜಾಗವಿಲ್ಲ. ನೌಕಾಪಡೆಯವರ ಸಂಸಾರ ಹೇಗಿರುತ್ತದೆ ಗೊತ್ತೇ? ಪತ್ರ ಬರೆಯುವಾಗ ವಿಳಾಸದಲ್ಲಿ ಊರಿನ ಹೆಸರಿಲ್ಲ, ಹಡಗಿನ ಹೆಸರು. ಕೆಳಗೆ ಫ್ಲೀಟ್ ಮೇಲ್ ಆಫೀಸ್, ಮುಂಬೈ. ಹಡಗು ಎಲ್ಲಿದೆ, ಯಾವಾಗ ಬರುತ್ತದೆ ಎಂದು ಹೆಂಡತಿಗೂ ಹೇಳುವಂತಿಲ್ಲ. ಮಗುವಿಗೆ ಜ್ವರ ಬಂದರೆ, ಶಾಲೆಗೆ ಸೇರಿಸಬೇಕಾದರೆ, ಮಾವನವರಿಗೆ ಆಸ್ಪತ್ರೆಯಾದರೆ ಎಲ್ಲದಕ್ಕೂ ಅವಳೇ. ವರ್ಗವಾದಾಗ ಟ್ರಂಕು ಕಟ್ಟುವವಳೂ ಅವಳೇ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಜೊತೆಗೆ ಹೋಗಲೂ ಇಲ್ಲ. ಅತ್ತೆ ಮಾವನ ಜೊತೆ ಇದ್ದು ಕಬ್ಬು, ತಂಬಾಕು ನೋಡಿಕೊಂಡು, ಎಮ್ಮೆ ಕಟ್ಟಿ, ಮಕ್ಕಳನ್ನು ಇದೇ ಶಾಲೆಗೆ ಕಳಿಸಿದರು. ಗಂಡ ರಜೆಗೆ ಬಂದರೆ ಆ ರಜೆಯಲ್ಲೇ ಮನೆಯ ಮಾಳಿಗೆ ರಿಪೇರಿ, ತಂಗಿಯ ಮದುವೆ, ಸೊಸೈಟಿ ಸಾಲದ ಲೆಕ್ಕ, ಎಲ್ಲ ಮುಗಿಯಬೇಕು. ಅಪ್ಪನ ಗುರುತು ಹತ್ತದೆ ಅಜ್ಜಿಯ ಸೆರಗಿನ ಹಿಂದೆ ನಿಂತ ಮಗು ಹತ್ತಿರ ಬರುವಷ್ಟರಲ್ಲಿ ರಜೆ ತೀರಿರುತ್ತದೆ.

ನಮ್ಮ ಜಿಲ್ಲೆಗೆ ಸೈನ್ಯ ಹೊಸದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಸಮುದ್ರ ಮಾತ್ರ ನಮಗೆ ದೂರ. ಆದರೂ ಕಾರವಾರದಲ್ಲಿ 2005ರಿಂದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಅಲ್ಲಿನ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ನಿವೃತ್ತ ಕ್ಷಿಪಣಿ ದೋಣಿಯನ್ನು ಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಅದು 1976ರಲ್ಲಿ ನೌಕಾಪಡೆಗೆ ಸೇರಿದ್ದು, ಕರಾಚಿಗೆ ಹೋದ ದೋಣಿಗಳ ಜಾತಿಯದ್ದೇ. ಗುರುಗಳು ಈ ಸಲ ಶೈಕ್ಷಣಿಕ ಪ್ರವಾಸಕ್ಕೆ ಅಲ್ಲಿಗೆ ಕರೆದುಕೊಂಡು ಹೋದರೆ ಮಕ್ಕಳು ಒಳಗೆ ಇಳಿದು ನೋಡಬಹುದು. ಎಷ್ಟು ಇಕ್ಕಟ್ಟಿನಲ್ಲಿ ಆ ಜನ ಅಷ್ಟು ದೂರ ಹೋಗಿದ್ದರು ಎಂಬುದು ಅಲ್ಲಿ ನಿಂತಾಗ ಅರ್ಥವಾಗುತ್ತದೆ.

ಈಗಲೂ ಬೆಳಗಿನ ಜಾವ ನಮ್ಮ ರಸ್ತೆಗಳಲ್ಲಿ ಭರ್ತಿಗಾಗಿ ಓಡುವ ಹುಡುಗರನ್ನು ನೋಡುತ್ತೇವೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನಂತರ ಉಳಿಯುವವರು ನಾಲ್ವರಲ್ಲಿ ಒಬ್ಬರು ಮಾತ್ರ. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ 2023ರ ಮಾರ್ಚ್‌ನಲ್ಲಿ ತರಬೇತಿ ಮುಗಿಸಿದ ಮೊದಲ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು. ಹೋಗಬೇಕೆನ್ನುವ ಮಕ್ಕಳು ಖಂಡಿತ ಹೋಗಿ. ಆದರೆ ಸಿನಿಮಾ ನೋಡಿ ಹೋಗಬೇಡಿ. ಈ ಊರಿನಲ್ಲೇ ಸೇವೆ ಮುಗಿಸಿ ಬಂದ ಕಾಕಾ, ಮಾಮಾ ಇದ್ದಾರೆ. ಅವರ ಹತ್ತಿರ ಕೂತು ಕೇಳಿ. ಮನೆಯಲ್ಲಿದ್ದ ಕಾಕುವನ್ನೂ ಕೇಳಿ. ನಾಲ್ಕು ವರ್ಷದ ನಂತರ ಏನು ಎಂಬುದನ್ನೂ ಮೊದಲೇ ಯೋಚಿಸಿ, ಓದು ಬಿಡಬೇಡಿ.

ಇನ್ನು ನನ್ನ ವಿನಂತಿ. ಈ ಶಾಲೆಯ ಗೋಡೆಯ ಮೇಲೆ ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲು ಬಂದವರ ಹೆಸರಿನ ಫಲಕವಿದೆ. ಅದು ಇರಲಿ, ಇರಬೇಕು. ಅದರ ಪಕ್ಕದಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ದುಡಿದ ಈ ಶಾಲೆಯ ವಿದ್ಯಾರ್ಥಿಗಳ ಒಂದು ಫಲಕ ಬರಲಿ. ಅದಕ್ಕಿಂತ ಮುಖ್ಯವಾಗಿ ಒಂದು ರಿಜಿಸ್ಟರ್ ಆಗಲಿ. ಒಂಬತ್ತನೆಯ ತರಗತಿಯ ಮಕ್ಕಳು ಪ್ರತಿ ವರ್ಷ ಒಬ್ಬ ಮಾಜಿ ಸೈನಿಕರ ಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲಿ: ಯಾವ ವರ್ಷ ಭರ್ತಿಯಾದರು, ಎಲ್ಲೆಲ್ಲಿ ಇದ್ದರು, ಮೊದಲ ಪಗಾರ ಎಷ್ಟು, ಆಗ ಮನೆ ನಡೆಸಿದವರು ಯಾರು. ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಹೇಳಿದ ಹಾಗೆ ಬರೆದುಕೊಳ್ಳಲಿ. ಹೆಂಡತಿಯ ಮಾತಿಗೂ ಅಷ್ಟೇ ಪುಟ ಇರಲಿ. ಅದರ ಮುದ್ರಣದ ಖರ್ಚು ನಮ್ಮ ಬ್ಯಾಚಿನ ಗೆಳೆಯರದು.

ಗೋಪಾಲ್ ರಾವ್ ಅವರ ಕಿಲ್ತಾನ್ ಹಡಗು ನಿವೃತ್ತಿಯಾಗಿ ಹಲವು ವರ್ಷಗಳಾದ ಮೇಲೆ, 2017ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ಅದೇ ಹೆಸರಿನ ಹೊಸ ಹಡಗು ಸೇವೆಗೆ ಬಂತು. ಹಡಗಿನ ಹೆಸರನ್ನು ನೌಕಾಪಡೆ ಉಳಿಸಿಕೊಳ್ಳುತ್ತದೆ. ನಮ್ಮ ಊರಿನ ಜನರ ಹೆಸರನ್ನು ನಾವೇ ಉಳಿಸಿಕೊಳ್ಳಬೇಕು. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಈ ಕೆಲಸ ಈ ವರ್ಷವೇ ಶುರುವಾಗಲಿ.

ಈ ಸಭೆಯಲ್ಲಿ ಕೂತಿರುವ ಎಲ್ಲ ಮಾಜಿ ಸೈನಿಕರಿಗೆ, ಅವರ ಪಕ್ಕದಲ್ಲಿ ಕೂತಿರುವ ತಾಯಂದಿರಿಗೆ ತಲೆಬಾಗಿ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.