ಅದ್ಭುತ ಕಥೆಗಳೂ ಹದಿಹರೆಯದ ಓದುಗರೂ

ಶಾಲೆಯ ಪುಸ್ತಕದ ನಡುವೆ ಕಥೆಯ ಪುಸ್ತಕವನ್ನಿಟ್ಟು ಓದುವ ಮಕ್ಕಳು ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹೊಸಬರಲ್ಲ. 1949ರಲ್ಲಿ ‘ಚಂದಮಾಮ’ ಕನ್ನಡದಲ್ಲಿ ಬರತೊಡಗಿದ ಮೇಲೆ ಬೇತಾಳನ ಕಥೆಗಾಗಿ, ಮಾಂತ್ರಿಕರ ಧಾರಾವಾಹಿಗಾಗಿ ತಿಂಗಳಿಡೀ ಕಾದವರೆಷ್ಟೋ ಜನ. ಆ ಪತ್ರಿಕೆ ನಿಂತು ವರ್ಷಗಳಾದವು. ಆ ಹಸಿವು ಮಾತ್ರ ಹಿಂಗಿಲ್ಲ. 1997ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಹ್ಯಾರಿ ಪಾಟರನ ಕಥೆಯನ್ನು ಹಿಡಿದು ಕುಳಿತ ಹುಡುಗಿಗೆ ಊಟಕ್ಕೆ ಕರೆದದ್ದು ಕೇಳಿಸುವುದಿಲ್ಲ.

‘ಇಲ್ಲದ್ದನ್ನು ಓದಿ ಬಂದದ್ದೇನು?’ ಎಂದು ಹಿರಿಯರು ಗೊಣಗುವುದುಂಟು. ಮಂತ್ರದಂಡ ಸುಳ್ಳಿರಬಹುದು, ಆದರೆ ಮನೆ ಬಿಟ್ಟು ಹೊರಟ ತನ್ನದೇ ವಯಸ್ಸಿನ ಹುಡುಗನ ಅಂಜಿಕೆ, ಗೆಳೆತನ, ಕೊಟ್ಟ ಮಾತಿನ ಭಾರ ಸುಳ್ಳಲ್ಲ. ಓದುವವರು ಅಲ್ಲಿ ತಮ್ಮನ್ನೇ ಕಾಣುತ್ತಾರೆ.

ಈ ರುಚಿ ಪರದೇಶದ್ದೂ ಅಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಜಯಂತೀಪುರದ, ಎಂದರೆ ನಮ್ಮ ಬನವಾಸಿಯ, ರಾಜಕುಮಾರನೊಬ್ಬ ಕನಸಿನಲ್ಲಿ ಕಂಡ ಕನ್ಯೆಯನ್ನು ಅರಸುತ್ತ ಗೆಳೆಯನೊಡನೆ ಹೊರಡುತ್ತಾನೆ. ಆದರೆ ಆ ಚಂಪುವಿನ ಕನ್ನಡ ಇಂದಿನ ಮಕ್ಕಳಿಗೆ ಎಟುಕದು. ಹದಿಮೂರು ದಾಟಿದವರು ಓದುವಂಥ ಅದ್ಭುತ ಕಾದಂಬರಿಗಳು ಹೊಸಗನ್ನಡದಲ್ಲಿ ವಿರಳ. ಹಾಗಾಗಿ ಓದಿನ ಹುಚ್ಚು ಏರುವ ವಯಸ್ಸಿನಲ್ಲಿಯೇ ಅವರು ಕನ್ನಡದಿಂದ ಜಾರುತ್ತಾರೆ.

ಬರೆಯುವವರು ಈ ಕೊರತೆಯನ್ನು ತುಂಬಬೇಕು. ಅಲ್ಲಿಯವರೆಗೆ ತಾಯಿತಂದೆಗಳು ಮಾಡಬಹುದಾದದ್ದೊಂದಿದೆ. ಪುಸ್ತಕವನ್ನು ಕಸಿಯಬೇಡಿ, ರಾತ್ರಿ ಊಟಕ್ಕೆ ಕುಳಿತಾಗ ಓದಿದ ಕಥೆಯನ್ನು ಕನ್ನಡದಲ್ಲಿ ಹೇಳಿಸಿರಿ. ಹಾರುವ ಕುದುರೆಗೂ ಮಾಯದ ಕನ್ನಡಿಗೂ ನಮ್ಮ ಮಾತು ಸಾಲುತ್ತದೆಂದು ತಿಳಿದ ಮಗು, ಮುಂದೆ ತಾನೇ ಒಂದು ಕಥೆಯನ್ನು ಬರೆದೀತು.