ಕೋಟೆ ಮಣಿಯಲಿಲ್ಲ, ಪೇಟೆ ಉರಿಯಿತು

 

ಅಂಕೋಲೆಯ ಈ ಸಭೆಯಲ್ಲಿ ಕೆಳದಿ ಚೆನ್ನಮ್ಮನವರ ಬಗ್ಗೆ ಮಾತನಾಡಿ ಎಂದಿದ್ದರು. ಅವರು ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕಥೆ ನಿಮಗೆಲ್ಲ ಬಾಯಿಪಾಠ. ಹಾಗಾಗಿ ಅವರ ಆಳ್ವಿಕೆಯ ಕಾಲದಲ್ಲೇ ನಿಮ್ಮ ನೆಲದಲ್ಲಿ ನಡೆದ, ನಾವು ಅಷ್ಟಾಗಿ ಹೇಳದ ಇನ್ನೊಂದು ಮಾತು ತಂದಿದ್ದೇನೆ.

1675ನೇ ಇಸವಿ. ಕಾರವಾರ, ಅಂಕೋಲೆ ವಿಜಾಪುರದ ಆದಿಲಶಾಹಿಯ ಕೈಯಲ್ಲಿದ್ದವು. ಘಟ್ಟದ ಮೇಲೆ ಸೋದೆ, ತೆಂಕಲಿಗೆ ಕೆಳದಿ, ಬಡಗಲಿಗೆ ಗೋವೆಯ ಪೋರ್ಚುಗೀಸರು. ಏಪ್ರಿಲ್‌ನಲ್ಲಿ ಶಿವಾಜಿ ಮಹಾರಾಜರು ಫೋಂಡಾ ಕೋಟೆಗೆ ಮುತ್ತಿಗೆ ಹಾಕಿದರು. ಆ ಮುತ್ತಿಗೆ ನಡೆದಿರುವಾಗಲೇ, ಏಪ್ರಿಲ್ 26ರಂದು, ಅವರ ಸರದಾರನೊಬ್ಬ ಕಾರವಾರಕ್ಕೆ ಬಂದ. ಕೋಟೆ ಶರಣಾಗಲಿಲ್ಲ. ಆ ಸಿಟ್ಟಿಗೆ ಪೇಟೆಗೆ ಬೆಂಕಿ ಬಿತ್ತು. ಒಂದು ಮನೆಯೂ ಉಳಿಯಲಿಲ್ಲವೆಂದು ಇಂಗ್ಲಿಷ್ ವರ್ತಕರ ಪತ್ರಗಳು ಹೇಳುತ್ತವೆ. ಅವರ ಕೋಠಿಗೆ ಮಾತ್ರ ಏನೂ ಆಗಲಿಲ್ಲ!

ಮೇ ತಿಂಗಳಲ್ಲಿ ಫೋಂಡಾ ಬಿತ್ತು. ಅಲ್ಲಿಯ ಕಿಲ್ಲೇದಾರ ಮಹಮ್ಮದ್ ಖಾನ ಸುತ್ತಲಿನ ಸೀಮೆಯನ್ನು ಒಪ್ಪಿಸಿಕೊಡುವೆನೆಂದು ಮಾತು ಕೊಟ್ಟು ಜೀವ ಉಳಿಸಿಕೊಂಡ. ತಿಂಗಳು ಮುಗಿಯುವ ಮೊದಲೇ ಅಂಕೋಲೆ, ಶಿವೇಶ್ವರ, ಕಾರವಾರ, ಕದ್ರಾ, ಹೀಗೆ ಗಂಗಾವಳಿ ನದಿಯವರೆಗಿನ ಸೀಮೆಯೆಲ್ಲ ಕೈಬದಲಾಯಿತು. ಯಾವ ಕೋಟೆಗಾಗಿ ಪೇಟೆ ಉರಿಯಿತೋ ಅದೇ ಕೋಟೆ ಒಂದು ತಿಂಗಳಲ್ಲಿ ಬಾಗಿಲು ತೆರೆಯಿತು.

ಆ ಪೇಟೆಯಲ್ಲಿ ಏನಿತ್ತು? ಮೆಣಸು, ಏಲಕ್ಕಿ, ಎಲ್ಲಕ್ಕಿಂತ ಮಿಗಿಲಾಗಿ ಹುಬ್ಬಳ್ಳಿ ಕಡೆಯ ನವಿರಾದ ಮಲಮಲ್ ಬಟ್ಟೆ. ಕಾರವಾರದ ಈ ವ್ಯಾಪಾರಕ್ಕಾಗಿ ಘಟ್ಟದ ಮೇಲೆ 50,000 ನೇಕಾರರು ದುಡಿಯುತ್ತಿದ್ದರೆಂದು ಹಳೆಯ ಗೆಜೆಟಿಯರಿನಲ್ಲಿದೆ. 1673ರಲ್ಲಿ ಹುಬ್ಬಳ್ಳಿಯೂ ಲೂಟಿಯಾಗಿತ್ತು. ನೇಯುವ ಊರು ಮೊದಲು, ಹಡಗು ಹತ್ತಿಸುವ ಊರು ಎರಡು ವರ್ಷದ ಮೇಲೆ. ನಡುವೆ ಸಿಕ್ಕ ಮಗ್ಗದವನಿಗೆ ವಿಜಾಪುರವಾದರೇನು, ರಾಯಗಡವಾದರೇನು? ಇದು ಯಾವುದೋ ಒಂದು ಸೈನ್ಯದ ಮೇಲಿನ ದೂರಲ್ಲ. ಆ ಕಾಲದ ಎಲ್ಲ ದಂಡುಗಳೂ ಹೀಗೇ ನಡೆದವು.

ಕೆಳದಿಯ ಅರಸರು ನಮ್ಮವರು, ಸ್ವರವಚನ ಬರೆದ ಸೋದೆಯ ಸದಾಶಿವರಾಯರು ನಮ್ಮವರು ಎನ್ನುತ್ತೇವೆ. ಎನ್ನೋಣ. ಕಾಳಿ ನದಿಯ ಬಾಯಲ್ಲಿ ಸದಾಶಿವಗಡ ಇಂದಿಗೂ ಅವರ ಹೆಸರು ಹೊತ್ತು ನಿಂತಿದೆ. ಆದರೆ ಅಂಬಿಗ, ಮಡಿವಾಳ, ನುಲಿಯ ಎಂದು ಕಾಯಕವನ್ನೇ ಹೆಸರಾಗಿಸಿಕೊಂಡ ಶರಣರ ಪರಂಪರೆ ನಮ್ಮದು. ಆ ಲೆಕ್ಕದಲ್ಲಿ ಸುಟ್ಟ ಪೇಟೆಯ ಹೇರಿನವನು, ಮಗ್ಗದವಳು ನಮಗೆ ಅರಸರಿಗಿಂತ ಹತ್ತಿರದವರು.

ಪೂಜ್ಯರಲ್ಲಿ ಒಂದು ಬಿನ್ನಹ. ಮಠಗಳ ಹಳೆಯ ಕಡತ, ತಾಮ್ರಪಟಗಳನ್ನು ಓದಿಸುವಾಗ ದಾನ ಕೊಟ್ಟ ದೊರೆಯ ಹೆಸರಿಗೆ ನಿಲ್ಲಿಸಬೇಡಿ. ಕೆಳಗೆ ಮಗ್ಗದೆರೆ, ಹೇರಿನ ಸುಂಕ, ಗಾಣದ ತೆರಿಗೆ ಎಂದು ಸಾಲುಗಳಿದ್ದರೆ ಅವನ್ನೂ ಬರೆಸಿರಿ.